ಕೈಫಿಯತ್ತುಗಳ ಕರ್ನಲ್

ಹಳೆಯ ವಸ್ತುಗಳನ್ನು ಕೂಡಿಡುವವನನ್ನು ಲೋಕವು ಎರಡೇ ಮಾತಿನಲ್ಲಿ ತೂಗಿಬಿಡುತ್ತದೆ. ಬದುಕಿರುವಷ್ಟು ಕಾಲ ಅವನು ಹುಚ್ಚ. ತೀರಿಕೊಂಡ ಮೇಲೆ, ಅವನು ಕೂಡಿಟ್ಟುದಕ್ಕೆ ಬೆಲೆ ಬಂದಿತೆಂದರೆ, ದೂರದೃಷ್ಟಿಯುಳ್ಳ ಮಹಾನುಭಾವ. ಬೆಲೆ ಬಾರದೆ ಹೋದರೆ ಮೊದಲನೆಯ ಮಾತೇ ಸ್ಥಿರವಾಗಿ ನಿಲ್ಲುತ್ತದೆ. ತೂತುಬಿದ್ದ ಕಾಸು, ಕಿವಿ ಮುರಿದ ತಾಮ್ರದ ಕೊಳಗ, ಅಂಚೆಚೀಟಿಯ ಪುಸ್ತಕ, ಕಟ್ಟುಕಟ್ಟಾಗಿ ಹಳೆಯ ಕಾಗದ ಇವುಗಳ ನಡುವೆ ಕುಳಿತು ಊಟದ ಹೊತ್ತನ್ನು ಮರೆಯುವ ಮನುಷ್ಯರನ್ನು ವಾಚಕರೂ ತಮ್ಮ ತಮ್ಮ ಊರುಗಳಲ್ಲಿ ಕಂಡಿರಬೇಕು. ಮನೆಯವರಿಗೆ ಅವರಿಂದ ಆಗುವ ತೊಂದರೆಯನ್ನೂ ಕಂಡಿರಬೇಕು.

ಬಾಲ್ಯದಲ್ಲಿ ನನಗೂ ಈ ಗಾಳಿ ಬಡಿದಿದ್ದಿತು. ನಮ್ಮ ತಾತನವರ ಕೋಣೆಯ ಗೋಡೆಯಲ್ಲಿ ತುದಿ ಬಾಗಿದ ಒಂದು ಕಂಬಿ ತೂಗುತ್ತಿದ್ದಿತು. ಬಂದ ಕಾಗದಗಳನ್ನೆಲ್ಲ ಓದಿ, ಉತ್ತರ ಬರೆದು, ಅದಕ್ಕೆ ಚುಚ್ಚಿಡುವುದು ಅವರ ಪದ್ಧತಿ. ಅವರು ಕಾಲವಾದ ಮೇಲೆ ಆ ಕಂತೆಗೆ ನಾನೇ ಒಡೆಯನಾದೆ. ಲಕೋಟೆಗಳನ್ನು ಒಂದೊಂದಾಗಿ ನೀರಿನಲ್ಲಿ ನೆನೆಹಾಕಿ, ಅಂಚೆಚೀಟಿಗಳನ್ನು ಬಿಡಿಸಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ ಒಣಗಿಸಿದೆ. ನೆನೆದ ಲಕೋಟೆಗಳೂ ಒಳಗಿನ ಕಾಗದಗಳೂ ಬಚ್ಚಲೊಲೆಗೆ ಹೋದುವು. ಹಾಗೆ ಉಳಿದವುಗಳಲ್ಲಿ ೧೯೭೪ರಲ್ಲಿ ಹೊರಬಂದ ಟಿಪ್ಪು ಸುಲ್ತಾನನ ಅಂಚೆಚೀಟಿಯೊಂದು ಇಂದಿಗೂ ನನ್ನಲ್ಲಿದೆ. ಐವತ್ತು ಪೈಸೆಯದು. ಸಾಮಾನ್ಯ ಕಾಗದಕ್ಕೆ ಆ ದಿನಗಳಲ್ಲಿ ಅಷ್ಟು ಬೇಕಿರಲಿಲ್ಲ. ಎಂದರೆ ಅದು ತೂಕದ ಲಕೋಟೆ. ಒಳಗೆ ಏನೋ ಇದ್ದಿತು. ಏನಿದ್ದಿತು, ಯಾರು ಕಳುಹಿಸಿದರು, ತಾತನವರು ಅದನ್ನು ಕಂಬಿಗೆ ಚುಚ್ಚಿ ಅಷ್ಟು ಕಾಲ ಏಕೆ ಇಟ್ಟುಕೊಂಡಿದ್ದರು? ಇವಾವುದಕ್ಕೂ ಉತ್ತರವಿಲ್ಲ. ಚೀಟಿಯ ಮೂಲೆಯಲ್ಲಿ ಅಂಚೆಯ ಮೊಹರಿನ ಕಾಲುಭಾಗ ಉಳಿದಿದೆ. ಅದರಲ್ಲಿ ಊರಿನ ಹೆಸರಿನ ಕೊನೆಯದಾದ 'ಪುರ' ಎಂಬುದಷ್ಟೆ ಓದಲು ಬರುತ್ತದೆ.

ಸಂಗ್ರಹವೆಂದರೆ ವಸ್ತುವನ್ನು ಉಳಿಸಿಕೊಳ್ಳುವುದೊಂದೇ ಅಲ್ಲವೆಂದು ನನಗೆ ತಿಳಿದುದು ಬಹಳ ತಡವಾಗಿ. ಅದೂ ಕಾಲೇಜಿನಲ್ಲಿ ಪಾಠ ಹೇಳಲು ತೊಡಗಿ, ಕೈಫಿಯತ್ತುಗಳನ್ನು ಓದುವ ಪ್ರಸಂಗ ಬಂದಾಗ. ಆ ಕೈಫಿಯತ್ತುಗಳನ್ನು ಕೂಡಿಹಾಕಿಸಿದ ಮನುಷ್ಯನ ವಿಷಯವನ್ನೇ ಇಲ್ಲಿ ಬರೆಯಹೊರಟಿದ್ದೇನೆ. ಆತನೂ ತನ್ನ ಕಾಲದ ದೊಡ್ಡ ಹುಚ್ಚ. ನಮ್ಮ ಸೀಮೆಗೆ ಆತ ಬಂದುದು ಮಾತ್ರ ಫಿರಂಗಿಗಳ ಹಿಂದೆ.

೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಬೆಂಗಳೂರನ್ನು ಹಿಡಿದು, ಉತ್ತರಕ್ಕೆ ತಿರುಗಿ, ದೇವನಹಳ್ಳಿಯ ಕೋಟೆಯನ್ನು ವಶಮಾಡಿಕೊಂಡಿತು. ಟಿಪ್ಪು ಹುಟ್ಟಿದ ಊರೇ ಶತ್ರುವಿನ ಪಾಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಂದಿದುರ್ಗವೂ ಬಿದ್ದಿತು. ಆ ಮೈಸೂರು ಯುದ್ಧದಲ್ಲಿ ಕಂಪೆನಿಯ ಎಂಜಿನಿಯರುಗಳಲ್ಲಿ ಒಬ್ಬನಾಗಿ ದುಡಿದವನು ಕಾಲಿನ್ ಮೆಕೆಂಜಿ. ಹುಟ್ಟಿದುದು ಸ್ಕಾಟ್ಲೆಂಡಿನ ಪಡುವಣ ಕಡಲಾಚೆಯ ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಪುಟ್ಟ ರೇವುಪಟ್ಟಣದಲ್ಲಿ. ತಂದೆ ವರ್ತಕ, ಆ ಊರಿನ ಮೊದಲನೆಯ ಅಂಚೆಯ ಅಧಿಕಾರಿಯೂ ಹೌದು. ಮಗನು ಸುಂಕದ ಕಟ್ಟೆಯಲ್ಲಿ ಕೆಲವು ಕಾಲ ಕೆಲಸ ಮಾಡಿ, ೧೭೮೩ರಲ್ಲಿ ಮದರಾಸಿಗೆ ಬಂದನು. ಮೂವತ್ತರ ಸುಮಾರಿನ ವಯಸ್ಸು. ಆ ಮೇಲೆ ಆತ ತನ್ನ ನಾಡಿಗೆ ಹಿಂದಿರುಗಲೇ ಇಲ್ಲ.

ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದಿತಷ್ಟೆ. ಗೆದ್ದವರಿಗೆ ತಾವು ಗೆದ್ದುದು ಏನೆಂದು ಅಳೆಯಬೇಕಾಗಿದ್ದಿತು. ಮೈಸೂರು ಸೀಮೆಯ ಮೋಜಣಿಯನ್ನು ಮೆಕೆಂಜಿಗೆ ಒಪ್ಪಿಸಿದರು. ಸುಮಾರು ೪೦,೦೦೦ ಚದರ ಮೈಲಿಗಳ ನೆಲ. ಸರಪಳಿ ಹಿಡಿದು ಹೊಲ, ಹಳ್ಳ, ಗುಡ್ಡ, ಕೆರೆಗಳನ್ನು ಅಳೆದು ನಕ್ಷೆ ಬರೆದುಕೊಟ್ಟಿದ್ದರೆ ಆತನ ಕರ್ತವ್ಯ ಮುಗಿಯುತ್ತಿತ್ತು, ಸಂಬಳಕ್ಕೂ ಕೊರತೆಯಾಗುತ್ತಿರಲಿಲ್ಲ. ಆದರೆ ಆತನಿಗೆ ಬೇರೊಂದು ಹಸಿವು ಹತ್ತಿದ್ದಿತು. ಈ ಊರನ್ನು ಕಟ್ಟಿದವರು ಯಾರು, ಈ ಕೆರೆಗೆ ಕಟ್ಟೆ ಹಾಕಿಸಿದವರು ಯಾರು, ಈ ಕಲ್ಲಿನ ಮೇಲಿನ ಅಕ್ಷರಗಳು ಏನು ಹೇಳುತ್ತವೆ, ಈ ಕುದುರೆಯೇರಿದ ವೀರನು ಯಾರಿಗಾಗಿ ಸತ್ತನು ಎಂದು ಆತ ಕೇಳಿದನು. ಕೇಳಿದುದನ್ನೆಲ್ಲ ಬರೆಯಿಸಿದನು. ಬರೆಯಿಸುವುದಕ್ಕೆ ತನ್ನ ಕೈಯ ಹಣವನ್ನು ಸುರಿದನು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮೆಕೆಂಜಿಗೆ ಕನ್ನಡ ಬಾರದು. ತೆಲುಗು ಬಾರದು, ತಮಿಳು ಬಾರದು, ಸಂಸ್ಕೃತವೂ ಬಾರದು. ಭಾಷೆಗಳನ್ನು ಕಲಿಯಲು ತನಗೆ ಬಿಡುವೇ ಆಗಲಿಲ್ಲವೆಂದು ೧೮೧೭ರಲ್ಲಿ ಗೆಳೆಯ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ದೀರ್ಘವಾದ ಕಾಗದದಲ್ಲಿ ಆತನೇ ಒಪ್ಪಿಕೊಂಡಿದ್ದಾನೆ. ಹೀಗೆ, ಜೀವಮಾನವೆಲ್ಲ ಓಲೆಗರಿಗಳನ್ನೂ ಶಾಸನಗಳನ್ನೂ ಕೂಡಿಸಿದವನಿಗೆ ಅವುಗಳ ಒಂದು ಸಾಲನ್ನೂ ತಾನಾಗಿ ಓದಲು ಬರುತ್ತಿರಲಿಲ್ಲ! ಅಂಚೆಚೀಟಿಯನ್ನು ಬಿಡಿಸಿಕೊಂಡು ಕಾಗದವನ್ನು ಒಲೆಗೆ ಹಾಕಿದ ಹುಡುಗನಿಗೂ ಆತನಿಗೂ ಏನು ಭೇದವೆಂದು ಯಾರಾದರೂ ಕೇಳಬಹುದು. ಭೇದವಿದೆ. ಓದಬಲ್ಲವರನ್ನು ಹುಡುಕಿಕೊಳ್ಳುವ, ಅವರು ಹೇಳಿದುದನ್ನು ನಂಬುವ ವಿವೇಕ ಆತನಿಗಿದ್ದಿತು.

ಅಂಥವರಲ್ಲಿ ಮೊದಲನೆಯವನು ಏಲೂರಿನ ಕಾವಲಿ ವೆಂಕಟ ಬೋರಯ್ಯ. ೧೭೯೬ರಲ್ಲಿ ಇವರಿಬ್ಬರ ಭೇಟಿಯಾಯಿತು. ಬೋರಯ್ಯ ಇನ್ನೂ ಎಳೆಯ ವಯಸ್ಸಿನವನು, ಹಲವು ಭಾಷೆಗಳನ್ನು ಬಲ್ಲವನು, ಎಲ್ಲಕ್ಕಿಂತ ಮಿಗಿಲಾಗಿ ಜನರೊಡನೆ ಬೆರೆಯಬಲ್ಲವನು. ಭಾರತದ ವಿದ್ಯೆಯ ಬಾಗಿಲು ತನಗೆ ತೆರೆದುದು ಇವನಿಂದಲೇ ಎಂಬರ್ಥದ ಮಾತನ್ನು ಮೆಕೆಂಜಿ ಆ ಕಾಗದದಲ್ಲಿ ಬರೆದಿದ್ದಾನೆ. ಅವನ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಇಬ್ಬರೂ ಇದೇ ಕೆಲಸಕ್ಕೆ ಸೇರಿದರು. ಹಳಗನ್ನಡದ ಶಾಸನಗಳ ಮುಂದೆ ಏಲೂರಿನವರ ಆಟ ನಡೆಯದೆ ಇದ್ದಾಗ ಒದಗಿದವನು ಚಾಮರಾಜನಗರದ ಕಡೆಯ ಮಲೆಯೂರಿನ ಜೈನಪಂಡಿತ ಧರ್ಮಯ್ಯ. 'ರಾಜಾವಳೀ ಕಥೆ'ಯನ್ನು ಬರೆದ ದೇವಚಂದ್ರನೂ ಮೆಕೆಂಜಿಯನ್ನು ಕಂಡವನೇ. ಬಂದ ದೊರೆಯು ಸ್ಥಳಪುರಾಣಗಳನ್ನು ಕೇಳಿದುದು ಆ ಗ್ರಂಥದ ಹುಟ್ಟಿಗೆ ಒಂದು ಪ್ರೇರಣೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು.

ಈ ಜನ ಹಳ್ಳಿಯೊಂದನ್ನು ಹೊಕ್ಕು ಕೇಳುತ್ತಿದ್ದುದು ಮೊದಲು ಶಾನುಭೋಗರ ಮನೆಯನ್ನು. ಅಲ್ಲಿ ಕಡತವಿರುತ್ತಿತ್ತು. ಇಂದು ಕಡತವೆಂದರೆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗುವ ಕಾಗದದ ಕಟ್ಟು. ಆ ಕಾಲದ ಕಡತ ಬಟ್ಟೆಯದು. ಉದ್ದನೆಯ ಅರಿವೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಸವರಿ, ಒಣಗಿಸಿ, ಕಪ್ಪುಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ ಪುಸ್ತಕದಂತೆ ಕಟ್ಟುತ್ತಿದ್ದರು. ಬಳಪದಿಂದ ಬರೆಯುವುದು; ಬೇಡವಾದುದನ್ನು ಒರಸಿ ಮತ್ತೆ ಬರೆಯುವುದು. ಊರಿನ ಲೆಕ್ಕ, ಮಾನ್ಯದ ಹೊಲಗಳ ವಿವರ, ಕಂದಾಯದ ಬಾಕಿ, ಹಿಂದಿನವರಿಂದ ಬಂದ ಸಂಗತಿಗಳು ಎಲ್ಲಕ್ಕೂ ಅದೇ ಆಧಾರ. ನೀರು ಸೋಕಿದರೆ, ಇಲಿ ಹೊಕ್ಕರೆ, ಅಥವಾ ಹೊಸ ಶಾನುಭೋಗನಿಗೆ ಹಳೆಯ ಲೆಕ್ಕ ಬೇಡವೆನಿಸಿದರೆ, ಒಂದು ಊರಿನ ನೂರು ವರ್ಷದ ನೆನಪು ಅಲ್ಲಿಗೆ ಮುಗಿಯಿತು.

ಕಡತವನ್ನೂ ಓಲೆಗಳನ್ನೂ ನೋಡಿ, ಊರ ಹಿರಿಯರನ್ನು ಕೇಳಿ ಬರೆದುಕೊಂಡ ವೃತ್ತಾಂತವೇ ಕೈಫಿಯತ್ತು. ಮಾತು ಪಾರಸಿಯ ಕಡೆಯಿಂದ ಬಂದದ್ದು. ಹೇಳಿಕೆ, ವಿವರಣೆ ಎಂದು ಅರ್ಥ. ಊರು ಹುಟ್ಟಿದ ಬಗೆ, ಕಾಡು ಕಡಿದವರು, ಕೋಟೆ ಹಾಕಿದವರು, ಪಾಳೆಯಗಾರರ ವಂಶಾವಳಿ, ಅವರು ಕೊಟ್ಟ ಮತ್ತು ಕೊಡದೆ ತಪ್ಪಿಸಿಕೊಂಡ ಪೊಗದಿ, ದೇವಸ್ಥಾನದ ಇನಾಮು, ಬರಗಾಲ, ದಂಡು ಬಂದು ಹೋದುದು ಎಲ್ಲವೂ ಅಲ್ಲಿ ಒಂದರ ಬೆನ್ನಿಗೊಂದು ಬರುತ್ತವೆ. ದೇವರು ಕನಸಿನಲ್ಲಿ ಬಂದುದಕ್ಕೂ ದಿವಾನನ ಕಡೆಯವರು ಬಂದುದಕ್ಕೂ ಅಲ್ಲಿ ಧ್ವನಿ ಒಂದೇ. ಇವುಗಳನ್ನು ಚರಿತ್ರೆಯೆಂದು ಕಣ್ಣುಮುಚ್ಚಿ ನಂಬುವುದು ತಪ್ಪು. ಕಟ್ಟುಕಥೆಯೆಂದು ಮೂಗುಮುರಿಯುವುದು ಅದಕ್ಕಿಂತ ದೊಡ್ಡ ತಪ್ಪು. ನನ್ನಂಥ ಕನ್ನಡ ಮೇಷ್ಟರಿಗಂತೂ ಅವುಗಳ ಗದ್ಯವೇ ಒಂದು ಸೊಗಸು. ಕಾವ್ಯದ ಹಂಗಿಲ್ಲದ, ಇಂಗ್ಲಿಷಿನ ನೆರಳೂ ಬೀಳದ, ಶಾನುಭೋಗರ ಜಗುಲಿಯ ಮೇಲೆ ಆಡಿದಂತಹ ಕನ್ನಡ ಅದು. ಹೊಸಗನ್ನಡ ಗದ್ಯದ ಮೂಲವನ್ನು ಹುಡುಕುವವರು ಪಾದ್ರಿಗಳ ಪುಸ್ತಕಗಳಲ್ಲಿ ನಿಲ್ಲದೆ ಈ ಜಗುಲಿಗೂ ಒಮ್ಮೆ ಬರಬೇಕು.

ಒಂದು ಕಥೆ ಎಷ್ಟು ಬಾಯಿಗಳಲ್ಲಿ ಬದುಕುತ್ತದೆಂಬುದಕ್ಕೆ ನಮ್ಮ ಕಡೆಯ ಆವತಿಯೇ ಸಾಕ್ಷಿ. ದೇವನಹಳ್ಳಿ ತಾಲೂಕಿನ ಈ ಊರಿಗೆ ಕಂಚಿಯ ಕಡೆಯಿಂದ ಮೊರಸು ಒಕ್ಕಲಿನವರು ಗಾಡಿ ಕಟ್ಟಿಕೊಂಡು ಬಂದರಂತೆ. ಬಲಿಷ್ಠನೊಬ್ಬನು ತಮ್ಮ ಹೆಣ್ಣುಮಗಳನ್ನು ಕೇಳಿದ್ದರಿಂದ ರಾತ್ರೋರಾತ್ರಿ ಹೊರಟರಂತೆ. ಹೊಳೆ ದಾರಿ ಬಿಟ್ಟಿತಂತೆ. ರಣಭೈರೇಗೌಡನು ಆವತಿಯಲ್ಲಿ ನೆಲೆನಿಂತನೆಂದೂ ಅವನ ಕಡೆಯ ಮಲ್ಲಭೈರೇಗೌಡನು ೧೫೦೧ರಲ್ಲಿ ದೇವನಹಳ್ಳಿಯ ಮಣ್ಣಿನ ಕೋಟೆಯನ್ನು ಕಟ್ಟಿಸಿದನೆಂದೂ ಹೇಳಿಕೆ. ಯಲಹಂಕ ನಾಡಪ್ರಭುಗಳ ಮೂಲವನ್ನೂ ಇಲ್ಲಿಗೇ ತಂದು ಸೇರಿಸುತ್ತಾರೆ. ಈ 'ಅಂತೆ'ಗಳನ್ನು ಬರೆದಿಡುವವರು ಇಲ್ಲದೆ ಹೋಗಿದ್ದರೆ ಕೋಟೆಯ ಕಲ್ಲು ಮಾತ್ರ ನಮಗೆ ಉಳಿಯುತ್ತಿತ್ತು. ಅಂಚೆಚೀಟಿ ಉಳಿದು ಕಾಗದ ಸುಟ್ಟುಹೋದ ಹಾಗೆ.

ಜನರು ಎಲ್ಲವನ್ನೂ ಸುಲಭವಾಗಿ ತೋರಿಸಿರಲಾರರೆಂದು ಊಹಿಸುವುದು ಕಷ್ಟವಲ್ಲ. ಸರಪಳಿ ಹಿಡಿದ ಸರ್ಕಾರದವರು ಬಂದು ತಾಮ್ರಪಟವನ್ನು ತೋರಿಸಿರೆಂದರೆ ಯಾವ ಇನಾಮುದಾರನ ಎದೆ ನಡುಗದು? ನೆಲ ಕಿತ್ತುಕೊಳ್ಳಲು ಬಂದರೆಂದೇ ಭಾವಿಸುವುದು. ಆ ಅನುಮಾನ ತೀರ ಹುಸಿಯೂ ಅಲ್ಲ. ಅಳೆಯುವುದರ ಹಿಂದೆ ಕಂದಾಯದ ಕಣ್ಣು ಇದ್ದೇ ಇದ್ದಿತು. ಮೆಕೆಂಜಿಯನ್ನು ಹೊಗಳುವಾಗ ಆತನು ಗೆದ್ದವರ ಕಡೆಯ ಅಧಿಕಾರಿ ಎಂಬುದನ್ನು ಮರೆಯಲಾಗದು. ಹಾಗಿದ್ದೂ ಬೋರಯ್ಯನಂಥವರು ಜಗುಲಿಯ ಮೇಲೆ ಕುಳಿತು, ಮಾತಿಗೆ ಮಾತು ಸೇರಿಸಿ, ಹೆದರಿಕೆ ಹೋಗಿಸಿ, ನಕಲು ಮಾಡಿಕೊಂಡು ಬಂದರು. ಮುಂದೆ ಬೇರೆ ಬೇರೆ ಸೀಮೆಗಳಿಗೆ ಹೋದ ನಾರಾಯಣರಾಯ, ಆನಂದರಾಯ, ಬಾಬುರಾಯ ಮೊದಲಾದವರು ತಾವು ಎಲ್ಲಿಗೆ ಹೋದೆವು, ಯಾರು ಏನು ಕೊಟ್ಟರು, ಯಾರು ಕೊಡೆನೆಂದರು ಎಂಬುದನ್ನು ಮೆಕೆಂಜಿಗೆ ಬರೆಯುತ್ತಲೇ ಇದ್ದರು. ಅಂಚೆಚೀಟಿ ಎಂಬುದು ಇನ್ನೂ ಹುಟ್ಟದ ಕಾಲ. ಇಂಗ್ಲೆಂಡಿನಲ್ಲಿ ಅದು ಬಂದುದು ೧೮೪೦ರಲ್ಲಿ, ಇಂಡಿಯಾ ದೇಶಕ್ಕೆಲ್ಲ ಒಂದಾಗಿ ಬಂದುದು ೧೮೫೪ರಲ್ಲಿ. ಆ ಚೀಟಿಯಿಲ್ಲದ ಕಾಗದಗಳು ಉಳಿದಿವೆ. ಅವುಗಳಿಂದಲೇ ಸಂಗ್ರಹದ ಎಷ್ಟೋ ವಸ್ತುಗಳಿಗೆ ಊರೂ ದಿನವೂ ದೊರೆತಿವೆ.

ನಮ್ಮ ಊರುಗಳ ಬದಿಯಲ್ಲಿ ಅರ್ಧ ಹೂತು ನಿಂತಿರುವ ವೀರಗಲ್ಲು, ಮಾಸ್ತಿಗಲ್ಲುಗಳ ಅರ್ಥವೇನೆಂದು ತಿಳಿದುಕೊಂಡುದನ್ನು ತನ್ನ ಮುಖ್ಯ ಲಾಭಗಳಲ್ಲಿ ಒಂದೆಂದು ಮೆಕೆಂಜಿ ಎಣಿಸಿದನು. ೧೮೧೭ರ ಕಾಗದದಲ್ಲಿ ಅವುಗಳನ್ನು ಕನ್ನಡದ ಹೆಸರಿನಿಂದಲೇ ಕರೆದಿದ್ದಾನೆ. ನೆಲಮಂಗಲದ ಕಡೆಯಲ್ಲೋ ಹೊಸಕೋಟೆಯ ಕಡೆಯಲ್ಲೋ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನಾವು ನೋಡಿದ್ದೇವೆ.

೧೮೦೩ರಲ್ಲಿ ಬೋರಯ್ಯ ತೀರಿಕೊಂಡನು. ಜೈನರನ್ನು ಕುರಿತು ಅವನು ಅನುವಾದಿಸಿದ ವೃತ್ತಾಂತವು 'ಏಷಿಯಾಟಿಕ್ ರಿಸರ್ಚಸ್' ಪತ್ರಿಕೆಯ ಒಂಬತ್ತನೆಯ ಸಂಪುಟದಲ್ಲಿ ಅವನ ಹೆಸರಿನೊಡನೆಯೇ ಅಚ್ಚಾಗಿದೆ. ಅಣ್ಣನ ಸ್ಥಾನಕ್ಕೆ ಲಕ್ಷ್ಮಯ್ಯ ಬಂದನು. ಸಂಗ್ರಹ ಬೆಳೆಯುತ್ತ ಹೋಯಿತು. ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಇದರಿಂದ ಬಹಳವನ್ನು ಪಡೆದನು. ಮೆಕೆಂಜಿ ಮಾತ್ರ ಬರೆಯಲಿಲ್ಲ. ೧೮೧೧ರಲ್ಲಿ ಜಾವಾಕ್ಕೆ ಹೋಗಬೇಕಾಯಿತು, ೧೮೧೫ರಲ್ಲಿ ಇಡೀ ಇಂಡಿಯಾದ ಸರ್ವೇಯರ್ ಜನರಲ್ ಆದನು, ಕಲ್ಕತ್ತೆಗೆ ಹೊರಡಬೇಕಾಯಿತು. ಕೂಡಿಸಿದುದನ್ನೆಲ್ಲ ಒಂದು ಸಲ ಜೋಡಿಸಿ, ಪಟ್ಟಿಮಾಡಿ, ಅದರ ಸಾರವನ್ನು ಲೋಕಕ್ಕೆ ಒಪ್ಪಿಸಬೇಕೆಂಬ ಆಸೆ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಹೋಯಿತು. ಇದು ಸಂಗ್ರಾಹಕರ ಜಾತಿಗೇ ಅಂಟಿದ ರೋಗವೆಂದು ತೋರುತ್ತದೆ. ಇನ್ನೊಂದು ಸಿಕ್ಕಲಿ, ಆಮೇಲೆ ಬರೆಯೋಣ ಎಂಬ ಈ 'ಇನ್ನೊಂದು' ಎಂದಿಗೂ ಮುಗಿಯುವುದಿಲ್ಲ. ೧೮೨೧ರ ಮೇ ೮ರಂದು ಕಲ್ಕತ್ತೆಯ ಸಮೀಪದಲ್ಲಿ ಆತ ತೀರಿಕೊಂಡನು.

ಆತನ ವಿಧವೆಯಿಂದ ಕಂಪೆನಿಯು ಈ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಸಂಸ್ಕೃತ ವಿದ್ವಾಂಸನಾದ ಹೊರೇಸ್ ವಿಲ್ಸನ್ ೧೮೨೮ರಲ್ಲಿ ಎರಡು ಸಂಪುಟಗಳ ಪಟ್ಟಿಯನ್ನು ಅಚ್ಚು ಹಾಕಿಸಿದನು. ಸಾಹಿತ್ಯದ ಹಸ್ತಪ್ರತಿಗಳು ೧,೫೬೮, ಸ್ಥಳವೃತ್ತಾಂತಗಳು ೨,೦೭೦, ಶಾಸನಗಳು ೮,೦೭೬, ಚಿತ್ರಗಳು ೨,೬೩೦, ನಾಣ್ಯಗಳು ೬,೨೧೮. ಇವಲ್ಲದೆ ನಕ್ಷೆಗಳು, ವಿಗ್ರಹಗಳು, ಅನುವಾದಗಳು. ಎಲ್ಲವೂ ಒಂದೆಡೆ ಉಳಿಯಲಿಲ್ಲ. ಒಂದು ಪಾಲು ಲಂಡನ್ನಿಗೆ ಹೋಯಿತು, ಒಂದು ಪಾಲು ಕಲ್ಕತ್ತೆಯಲ್ಲಿ ನಿಂತಿತು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಮರಳಿ, ಕೊನೆಗೆ ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವನ್ನು ಸೇರಿದುವು.

ಈ ಕಥೆಯಲ್ಲಿ ನನಗೆ ಬಹಳ ನೋವಾಗುವ ಭಾಗ ಲಕ್ಷ್ಮಯ್ಯನದು. ಯಜಮಾನನ ಮರಣದ ಮೇಲೆ, ಉಳಿದ ಕೆಲಸವನ್ನು ತಾನು ಮುಂದುವರಿಸುತ್ತೇನೆ, ಅವಕಾಶ ಕೊಡಿ ಎಂದು ಅವನು ಅಧಿಕಾರದಲ್ಲಿದ್ದವರನ್ನು ಕೇಳಿಕೊಂಡನು. ಸಂಗ್ರಹದಲ್ಲಿ ಯಾವುದು ಎಲ್ಲಿಂದ ಬಂದಿತೆಂಬುದನ್ನು ಅವನಷ್ಟು ತಿಳಿದವರು ಆಗ ಯಾರಿದ್ದರು? ೧೮೩೦ರ ದಶಕದಲ್ಲಿ ಈ ವಿಷಯವು ಬಂಗಾಳದ ಏಷಿಯಾಟಿಕ್ ಸೊಸೈಟಿಯ ಮುಂದೆ ಬಂದಿತು. ಅದರ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್, ಅಶೋಕನ ಲಿಪಿಯನ್ನು ಬಿಡಿಸಿದ ಅದೇ ಮೇಧಾವಿ, ಇಂತಹ ಕೆಲಸವನ್ನು ನಡೆಸುವ ಯೋಗ್ಯತೆ ಲಕ್ಷ್ಮಯ್ಯನಿಗಾಗಲಿ ದೇಶೀಯರಲ್ಲಿ ಯಾರಿಗಾಗಲಿ ಇರುವಂತೆ ತೋರುವುದಿಲ್ಲವೆಂಬ ಅಭಿಪ್ರಾಯ ಕೊಟ್ಟನು. ಕೆಲಸವು ವಿಲಿಯಂ ಟೇಲರ್ ಎಂಬ ಪಾದ್ರಿಗೆ ಹೋಯಿತು. ಎರಡು ತಲೆಮಾರುಗಳ ಕಾಲ ಊರೂರು ತಿರುಗಿ, ಜಗುಲಿಗಳಲ್ಲಿ ಕುಳಿತು, ಓದಿ, ನಕಲಿಸಿ, ಅನುವಾದಿಸಿದವರ ಕೈಯಿಂದ ಬೀಗದ ಕೈಯನ್ನು ತೆಗೆದುಕೊಂಡಂತಾಯಿತು. ಕಾಗದವನ್ನು ನೀರಿನಲ್ಲಿ ನೆನೆಹಾಕುವುದಕ್ಕೆ ಮಕ್ಕಳೇ ಆಗಬೇಕೆಂದಿಲ್ಲ.

ಅವರ ಮುಖಗಳನ್ನು ನಮಗೆ ಉಳಿಸಿಕೊಟ್ಟವನು ಥಾಮಸ್ ಹಿಕಿ ಎಂಬ ಚಿತ್ರಕಾರ. ೧೮೧೬ರಲ್ಲಿ ಅವನು ಬರೆದ ಮೆಕೆಂಜಿಯ ವರ್ಣಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಕರ್ನಲ್ ನಡುವೆ ನಿಂತಿದ್ದಾನೆ. ಹಿಂದೆ ದೂರದಲ್ಲಿ ಗೊಮ್ಮಟ ಕಾಣುತ್ತಾನೆ. ಕರ್ನಲ್ಲನ ಬಳಿಯಲ್ಲಿ ನಮ್ಮವರು ಮೂವರಿದ್ದಾರೆ. ಒಬ್ಬನ ಕೈಯಲ್ಲಿ ದುರ್ಬೀನು, ಮತ್ತೊಬ್ಬನ ಕೈಯಲ್ಲಿ ಓಲೆಗರಿ. ಓಲೆಗರಿ ಹಿಡಿದವನು ಧರ್ಮಯ್ಯನೆಂದು ವಿದ್ವಾಂಸರು ಗುರುತಿಸುತ್ತಾರೆ.

ನಮ್ಮ ನಾಲ್ಕು ತಾಲೂಕುಗಳ ಕಲ್ಲುಗಳು ಮತ್ತೆ ಕ್ರಮವಾಗಿ ಲೆಕ್ಕಕ್ಕೆ ಬಂದುದು ಬೆಂಗಳೂರಿನಲ್ಲಿಯೇ ಹುಟ್ಟಿ ಕನ್ನಡವನ್ನು ಚೆನ್ನಾಗಿ ಬಲ್ಲವರಾಗಿದ್ದ ಬಿ. ಎಲ್. ರೈಸ್ ಅವರ ಕಾಲಕ್ಕೆ. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟ ೧೯೦೫ರಲ್ಲಿ ಹೊರಬಂದಿತು. ತಾಲೂಕಿನ ಹೆಸರು, ಅದರ ಮುಂದೊಂದು ಸಂಖ್ಯೆ, ಕಲ್ಲು ನಿಂತಿರುವ ಜಾಗ: ಹೊಲವೋ, ಕೆರೆಯ ಏರಿಯೋ, ಗುಡಿಯ ಎಡಬದಿಯೋ. ಈ 'ಜಾಗ' ಎಂಬ ಒಂದು ಸಾಲಿಗಾಗಿ ರೈಸ್ ಅವರಿಗೂ ಅವರ ಪಂಡಿತರಿಗೂ ನಾವು ಎಷ್ಟು ಋಣಿಗಳೆಂಬುದು, ಆ ಸಂಪುಟವನ್ನು ಕೈಯಲ್ಲಿ ಹಿಡಿದು ಇಂದು ಆ ಕಲ್ಲುಗಳನ್ನು ಹುಡುಕಹೊರಟವರಿಗೆ ಗೊತ್ತು. ಹೊಲವಿದ್ದಲ್ಲಿ ಬಡಾವಣೆಯಿದೆ, ಕೆರೆಯ ಏರಿಯ ಮೇಲೆ ರಸ್ತೆಯಿದೆ, ದೇವನಹಳ್ಳಿಯ ಬಯಲಲ್ಲಿ ೨೦೦೮ರಿಂದ ವಿಮಾನಗಳು ಇಳಿಯುತ್ತಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಚೆಗೆ ಈ ಭಾಗದ ಶಾಸನಗಳನ್ನು ಯಂತ್ರದ ಕಣ್ಣಿನಿಂದ ಅಕ್ಷರದ ಆಳ ಸಹಿತವಾಗಿ ಸೆರೆಹಿಡಿದಿಡುವ ಕೆಲಸ ಕೈಗೊಂಡಿದ್ದಾರೆ. ಪುಸ್ತಕದಲ್ಲಿದ್ದು ನೆಲದ ಮೇಲೆ ಇಲ್ಲವಾದ ಕಲ್ಲುಗಳೂ, ಪುಸ್ತಕದಲ್ಲಿ ಇಲ್ಲದೆ ಹೊಸದಾಗಿ ಕಂಡುಬಂದ ಕಲ್ಲುಗಳೂ ಅವರ ಲೆಕ್ಕಕ್ಕೆ ಬರುತ್ತಿವೆ.

ಮದರಾಸಿನಲ್ಲಿ ಬಹುಕಾಲ ಮಲಗಿದ್ದ ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿ ಅವರು ಸಂಪಾದಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ೧೯೯೪ರಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಎಂಬ ಹೆಸರಿನಿಂದ ಅವುಗಳನ್ನು ಪ್ರಕಟಿಸಿತು. ಬರೆದುಕೊಂಡವರ ಜಗುಲಿಯಿಂದ ಕನ್ನಡ ವಾಚಕರ ಜಗುಲಿಗೆ ಅವು ಬರಲು ಸುಮಾರು ಎರಡು ನೂರು ವರ್ಷ ಹಿಡಿಯಿತು. ತರಗತಿಯಲ್ಲಿ ನಾನು ಆ ಪುಸ್ತಕವನ್ನು ಓದಿಸುವುದುಂಟು. ಮೊದಲು ವಿದ್ಯಾರ್ಥಿಗಳು ನಗುತ್ತಾರೆ. ವಾಕ್ಯ ಎಲ್ಲಿಯೂ ಮುಗಿಯುವುದಿಲ್ಲವೆಂದು ಗೊಣಗುತ್ತಾರೆ. ಆಮೇಲೆ ಯಾರಾದರೊಬ್ಬರು, ಸಾರ್, ನಮ್ಮೂರಿನ ಕೆರೆಗೂ ಇಂಥದೇ ಒಂದು ಕಥೆಯನ್ನು ನಮ್ಮಜ್ಜಿ ಹೇಳುತ್ತಾರೆ, ಎಂದು ಎದ್ದು ನಿಲ್ಲುತ್ತಾರೆ. ಬರೆದುಕೊಂಡು ಬಾ ಎನ್ನುತ್ತೇನೆ. ತರುವವರು ಕೆಲವರು; ತರುವುದರೊಳಗೆ ಅಜ್ಜಿಯನ್ನು ಕಳೆದುಕೊಂಡವರೂ ಇದ್ದಾರೆ.

ಈಚೆಗೆ ಒಂದು ಭಾನುವಾರ ನನ್ನ ಆ ಹಳೆಯ ಅಂಚೆಚೀಟಿಯ ಪುಸ್ತಕವನ್ನು ತೆರೆದು, ಟಿಪ್ಪುವಿನ ಚೀಟಿಯ ಕೆಳಗೆ ಸೀಸದ ಕಡ್ಡಿಯಿಂದ ಅದರ ಕೈಫಿಯತ್ತನ್ನು ಬರೆದೆ. ತಾತನವರ ಕೋಣೆಯ ಕಂಬಿಯಿಂದ ತೆಗೆದದ್ದು. ತೂಕದ ಲಕೋಟೆಯಾಗಿದ್ದಿತು. ಕಾಗದವನ್ನು ಸುಟ್ಟವನು ನಾನೇ. ಬಂದ ಊರು ಎಂದು ಬರೆದು, ಮೊಹರನ್ನು ಭೂತಗನ್ನಡಿ ಹಿಡಿದು ನೋಡಿದೆ. ಬಳ್ಳಾಪುರವೋ, ವಿಜಯಪುರವೋ, ರಾಮಪುರವೋ, ಇನ್ನ್ಯಾವ ಪುರವೋ. ಆ ಸಾಲಿನಲ್ಲಿ ಹೆಸರಿನ ಮೊದಲ ಭಾಗಕ್ಕೆ ಜಾಗ ಬಿಟ್ಟು 'ಪುರ' ಎಂದಷ್ಟೆ ಬರೆದಿದ್ದೇನೆ.